ಡಂಕರ್ಕ್, ಸ್ಟ್ರಾಸ್‌ಬರ್ಗ್: ಎಂಟೂ ತೋಪು ಮುಂದಕ್ಕೇ ಇಟ್ಟಿದ್ದು ಸರಿಯಾ?

ದೀಪಸ್ತಂಭ
ಫ್ರೆಂಚರ ಡಂಕರ್ಕ್ ವರ್ಗದ ಎರಡು ಬ್ಯಾಟಲ್‌ಶಿಪ್‌ಗಳ ನಕ್ಷೆ ನೋಡುವಾಗೆಲ್ಲ ಒಂದೇ ಪ್ರಶ್ನೆ ಕಾಡುತ್ತೆ. 330 ಮಿ.ಮೀ. ತೋಪು ಎಂಟು, ಟರೆಟ್ (ತೋಪು ಕೂರಿಸಿದ, ತಿರುಗೋ ಕವಚದ ಗೂಡು) ಎರಡೇ, ಒಂದೊಂದರಲ್ಲಿ ನಾಲ್ಕು. ಎರಡೂ ಟರೆಟ್ ಹಡಗಿನ ಮುಂಭಾಗದಲ್ಲಿ. ಹಿಂದೆ ದೊಡ್ಡ ತೋಪು ಒಂದೂ ಇಲ್ಲ. ಮೂರು ವಿಷಯ ಇತ್ಯರ್ಥ ಆಗಬೇಕು: (1) ಹೀಗೆ ಕಟ್ಟೋಕೆ ಕಾರಣ ಏನು, (2) ಒಂದು ಟರೆಟ್‌ಗೆ ಏಟು ಬಿದ್ದರೆ ಅರ್ಧ ಬಲ ಹೋಗಲ್ವಾ, (3) ಡಂಕರ್ಕ್‌ನ 225 ಮಿ.ಮೀ. ಪಕ್ಕದ ಕವಚ ತೀರಾ ತೆಳು ಅಲ್ವಾ? ಜರ್ಮನ್ನರ ಶಾರ್ನ್‌ಹಾರ್ಸ್ಟ್‌ಗೆ 350 ಇತ್ತು. ಗೊತ್ತಿರೋರು ಬಿಡಿಸಿ ಹೇಳಿ.

ಹಳೇನಕ್ಷೆ
ಮೊದಲನೇದಕ್ಕೆ ಉತ್ತರ ಟನ್ ಲೆಕ್ಕದಲ್ಲಿದೆ. 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಫ್ರಾನ್ಸ್‌ಗೆ ಬ್ಯಾಟಲ್‌ಶಿಪ್‌ಗಳಿಗೆಂದು ಸಿಕ್ಕಿದ್ದು ಒಟ್ಟು 1,75,000 ಟನ್. ಹಳೆಯವನ್ನು ಬದಲಿಸೋಕೆ ಆ ವರ್ಷಗಳಲ್ಲಿ ಕಟ್ಟಬಹುದಾಗಿದ್ದು 70,000 ಟನ್. 35,000 ಟನ್ನಿನ ಎರಡು ಕಟ್ಟಿದರೆ ಕೋಟಾ ಮುಗಿಯಿತು. ಫ್ರೆಂಚರಿಗೆ ಸಂಖ್ಯೆ ಬೇಕಿತ್ತು, ಯಾಕಂದ್ರೆ ಕಾಯಬೇಕಾದ ಕಡಲು ಎರಡು: ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್. ಅದಕ್ಕೆ 70,000ವನ್ನು ನಾಲ್ಕರಿಂದ ಭಾಗಿಸಿ 17,500 ಟನ್ನಿನ ನಕ್ಷೆ ಮಾಡಿದರು. ಅದರಲ್ಲೇ ನಾಲ್ಕು ತೋಪಿನ ಟರೆಟ್ ಎರಡು, ಎರಡೂ ಮುಂದೆ, ಆದರೆ ತೋಪು 305 ಮಿ.ಮೀ. ಆಮೇಲೆ ಮೂರರಿಂದ ಭಾಗಿಸಿ 23,333 ಟನ್ನಿನ ನಕ್ಷೆ. ಕೊನೆಗೆ ಬಂದು ನಿಂತಿದ್ದು 26,500ಕ್ಕೆ.

ಈ ಮಧ್ಯೆ 1929ರಲ್ಲಿ ಜರ್ಮನ್ನರು ಡಾಯ್ಚ್‌ಲಾಂಡ್ ಅನ್ನೋ ಯುದ್ಧನೌಕೆ ಕಟ್ಟೋಕೆ ಶುರು ಮಾಡಿದ್ದರು. ಡೀಸೆಲ್ ಎಂಜಿನ್, 28 ಸೆಂ.ಮೀ. ತೋಪು ಆರು, ವೇಗ 26ರಿಂದ 28 ನಾಟ್. ಫ್ರೆಂಚರ ಬಳಿ ಇದ್ದದ್ದು 20 ನಾಟ್ ಓಡೋ ಹಳೇ ಬ್ಯಾಟಲ್‌ಶಿಪ್‌ಗಳು ಮತ್ತು 203 ಮಿ.ಮೀ. ತೋಪಿನ ಕ್ರೂಸರ್‌ಗಳು. ಮೊದಲನೇದು ಅದನ್ನು ಹಿಡಿಯಲಾರದು, ಎರಡನೇದು ಹಿಡಿದರೂ ಹೊಡೆಯಲಾರದು. ಡಂಕರ್ಕ್ ಹುಟ್ಟಿದ್ದೇ ಆ ಹಡಗನ್ನು ಬೆನ್ನಟ್ಟಿ ಮುಳುಗಿಸೋಕೆ. ಬೆನ್ನಟ್ಟುವವನಿಗೆ ತೋಪು ಮುಂದೇ ಬೇಕು.

ಮಲಪ್ರಭೆ
ಬೆನ್ನು ಹತ್ತೋರಿಗೆ ಸರಿ ಅದ ರೀ. ಆದ್ರ ತಾನೇ ಓಡೋ ಪಾಳಿ ಬಂದ್ರ? ಹಿಂದಿನ ಕಡೆ ಏನೈತಿ ಹೊಡಿಲಿಕ್ಕೆ?

ಪಡುವಣಗಾಳಿ
ಹಿಂದೆ 130 ಮಿ.ಮೀ. ತೋಪು ಇತ್ತಲ್ಲ ಮಾರಾಯ್ರೆ.

ಮಲಪ್ರಭೆ
130ರಿಂದ ಬ್ಯಾಟಲ್‌ಶಿಪ್ಪಿಗೆ ಏನಾಕ್ಕೈತಿ? ನಾ ಕೇಳಿದ್ದು ದೊಡ್ಡ ತೋಪಿನ ಮಾತು.

ಉಕ್ಕಿನಗೋಡೆ
ಹಿಂಭಾಗ ಪೂರ್ತಿ ಕುರುಡು ಅಂತ ತಿಳಿಯೋದು ತಪ್ಪು. ಟರೆಟ್‌ಗಳು ಪಕ್ಕಕ್ಕೆ ತಿರುಗಿ, ಪಕ್ಕದಿಂದ ಇನ್ನೂ ಸಾಕಷ್ಟು ಹಿಂದಕ್ಕೂ ಹೊಡೆಯಬಲ್ಲವು. ನೇರ ಬಾಲದ ಕಡೆಯ ಒಂದು ಕೋನ ಮಾತ್ರ ಮುಚ್ಚಿರುತ್ತೆ. ಹಡಗು ಸ್ವಲ್ಪ ಅಡ್ಡ ತಿರುಗಿದರೆ ಎಂಟೂ ತೋಪು ಗುರಿಗೆ ಸಿಗುತ್ತೆ. ಬ್ರಿಟಿಷರ ನೆಲ್ಸನ್, ರಾಡ್ನಿ ಕೂಡ ಮುಖ್ಯ ತೋಪುಗಳನ್ನೆಲ್ಲ ಮುಂದೇ ಇಟ್ಟಿದ್ದು.

ಲಾಭ ಎಲ್ಲಿ ಅಂದರೆ ಉದ್ದದಲ್ಲಿ. ಎಂಟು ತೋಪನ್ನು ಎರಡೆರಡರಂತೆ ಇಟ್ಟರೆ ನಾಲ್ಕು ಟರೆಟ್, ನಾಲ್ಕು ಬಾರ್ಬೆಟ್ (ಟರೆಟ್ ಕೆಳಗಿನ ಕವಚದ ಕೊಳವೆ), ಮುಂದೆ ಒಂದು ಮದ್ದಿನ ಕೋಣೆಗಳ ಗುಂಪು, ಹಿಂದೆ ಇನ್ನೊಂದು. ಇಷ್ಟಕ್ಕೂ ದಪ್ಪ ಕವಚ ಹೊದಿಸಬೇಕು. ಕವಚ ಹೊದಿಸಬೇಕಾದ ಉದ್ದ ಕಡಿಮೆಯಾದಷ್ಟೂ ಅದೇ ತೂಕದಲ್ಲಿ ಕವಚ ದಪ್ಪ ಮಾಡಬಹುದು. ಮದ್ದಿನ ಕೋಣೆಗಳ ಮೇಲೆ ಮುಖ್ಯ ಡೆಕ್ 115ರಿಂದ 125 ಮಿ.ಮೀ. ದಪ್ಪ ಮಾಡೋಕೆ ಸಾಧ್ಯವಾಗಿದ್ದು ಇದರಿಂದಲೇ. ಆ ಕಾಲದ 26,500 ಟನ್ನಿನ ಹಡಗಿಗೆ ಅದು ಬಹಳ ದೊಡ್ಡ ಅಂಕಿ.

ಎರಡನೇ ಪ್ರಶ್ನೆಗೆ: ಒಂದೊಂದು ಟರೆಟ್‌ನ ನಡುವೆ ಒಳಗೇ ಒಂದು ಕವಚದ ಗೋಡೆ ಇತ್ತು. ಎಡಕ್ಕೆ ಎರಡು ತೋಪು, ಬಲಕ್ಕೆ ಎರಡು. ಒಂದು ಪಾಲು ಸುಟ್ಟುಹೋದರೂ ಇನ್ನೊಂದು ಪಾಲು ಹೊಡೀತಾ ಇರಬೇಕು ಅನ್ನೋದು ಉದ್ದೇಶ. ಎರಡೂ ಟರೆಟ್‌ಗೆ ಒಂದೇ ಏಟಿನಲ್ಲಿ ಹಾನಿ ಆಗದಿರಲಿ ಅಂತ ಅವುಗಳ ನಡುವೆ 27 ಮೀಟರಿನಷ್ಟು ಅಂತರವನ್ನೂ ಬಿಟ್ಟಿದ್ದರು.

ಲೆಕ್ಕಪಕ್ಕ
ಗೋಡೆಯ ಕಥೆ ಸರಿ. ಆದರೆ ಆ ಗೋಡೆಗೂ ಬೆಲೆ ತೆತ್ತಿದ್ದಾರೆ. ನಡುವೆ ಗೋಡೆ ಬಂದಿದ್ದರಿಂದ ಒಂದೊಂದು ಪಾಲಿನ ಎರಡು ತೋಪು ಒಂದಕ್ಕೊಂದು ತೀರಾ ಹತ್ತಿರ ಬಂದವು, ಸುಮಾರು 1.7 ಮೀಟರ್. ಎರಡೂ ಒಟ್ಟಿಗೆ ಸಿಡಿದರೆ ಪಕ್ಕದ ಶೆಲ್‌ನ ಗಾಳಿಯ ಒತ್ತಡಕ್ಕೆ ಎರಡೂ ದಾರಿ ತಪ್ಪುತ್ತವೆ. ಫಲ: ಸಾಲ್ವೊ (ಹಲವು ತೋಪು ಒಟ್ಟಿಗೆ) ಹೊಡೆದರೆ ಶೆಲ್‌ಗಳು ಉದ್ದುದ್ದ ಚದುರಿ ಬೀಳುತ್ತವೆ. ಗುರಿಯ ಲೆಕ್ಕ ಸರಿ ಇದ್ದರೂ ಹಡಗಿಗೆ ತಾಗೋದು ಅದೃಷ್ಟದ ಮಾತು.

ಇದೇ ರೋಗ ಫ್ರೆಂಚರ ಮುಂದಿನ ಬ್ಯಾಟಲ್‌ಶಿಪ್ ರಿಶೆಲ್ಯೂಗೂ ಬಂತು. ಅದಕ್ಕೆ ಮದ್ದು ಸಿಕ್ಕಿದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ. ಪ್ರತಿ ಜೋಡಿಯ ಹೊರಗಿನ ತೋಪು 60 ಮಿಲಿಸೆಕೆಂಡ್ ತಡವಾಗಿ ಸಿಡಿಯುವಂತೆ ವಿದ್ಯುತ್ ಸುತ್ತಿನಲ್ಲಿ ಒಂದು ವಿಳಂಬ ಕಾಯಿಲ್ ಹಾಕಿದರು. ಚದುರುವಿಕೆ ಬಹಳಷ್ಟು ಇಳಿಯಿತು. ಅಷ್ಟು ಹೊತ್ತಿಗೆ ಡಂಕರ್ಕ್ ಬರೀ ಮುರಿದ ಒಡಲಾಗಿತ್ತು.

ದೀಪಸ್ತಂಭ
60 ಮಿಲಿಸೆಕೆಂಡ್‌ನಲ್ಲಿ ಶೆಲ್ ಎಷ್ಟು ದೂರ ಹೋಗಿರುತ್ತೆ?

ಲೆಕ್ಕಪಕ್ಕ
330ರ ವೇಗ ತೋಪಿನ ಬಾಯಲ್ಲಿ ಸೆಕೆಂಡಿಗೆ 870 ಮೀಟರ್. 0.06ರಿಂದ ಗುಣಿಸಿ: 52 ಮೀಟರ್. ಅಂದರೆ ಎರಡನೇ ಶೆಲ್ ಹೊರಬೀಳೋ ಹೊತ್ತಿಗೆ ಮೊದಲನೇದು 50 ಮೀಟರ್ ಮುಂದೆ. ರಿಶೆಲ್ಯೂನ 380ಕ್ಕೂ ಹೆಚ್ಚುಕಡಿಮೆ ಇಷ್ಟೇ. ಅಷ್ಟು ಅಂತರ ಬಿದ್ದರೆ ಒಂದರ ಗಾಳಿ ಇನ್ನೊಂದಕ್ಕೆ ತಾಗಲ್ಲ.

ಬಾಯ್ಲರ್ಕೋಣೆ
ಇನ್ನೊಂದು ಮಾತು ಸೇರಿಸ್ತೀನಿ. ಹಡಗಿನ ಉದ್ದಕ್ಕೆ ಬ್ರೆಸ್ಟ್‌ನ ಡಾಕ್ ಕೂಡ ಅಡ್ಡ ಬಂದಿತ್ತು. ಡಂಕರ್ಕ್ ಸುಮಾರು 215 ಮೀಟರ್. ಕಟ್ಟಿದ ಸಾಲೂ ಡಾಕ್ 200 ಮೀಟರ್. 1932ರ ಡಿಸೆಂಬರ್ 24ಕ್ಕೆ ಕೆಲಸ ಶುರು ಮಾಡಿ, ಮೂತಿಯ 17 ಮೀಟರ್ ಬಿಟ್ಟು ಉಳಿದದ್ದನ್ನು ಕಟ್ಟಿ, 1935ರ ಅಕ್ಟೋಬರ್ 2ಕ್ಕೆ ನೀರಿಗೆ ಬಿಟ್ಟರು. ಆಮೇಲೆ ಲಾನಿನೋನ್‌ನ ಇನ್ನೊಂದು ಡಾಕ್‌ಗೆ ಎಳೆದುಕೊಂಡು ಹೋಗಿ ಮೂತಿ ಜೋಡಿಸಿದರು. ರಿಶೆಲ್ಯೂ 248 ಮೀಟರ್, ಅದೂ ಅದೇ ಡಾಕ್‌ನಲ್ಲಿ. ಅದಕ್ಕೆ ಮುಂದೆ 43 ಮೀಟರ್, ಹಿಂದೆ 8 ಮೀಟರ್ ಬಿಟ್ಟು ನಡುವಿನ 197 ಮೀಟರ್ ಮಾತ್ರ ಅಲ್ಲಿ ಕಟ್ಟಿದ್ದು. ಸ್ಟ್ರಾಸ್‌ಬರ್ಗ್‌ಗೆ ಈ ತೊಂದರೆ ಇರಲಿಲ್ಲ, ಅದು ಸೇಂಟ್ ನಜೇರ್‌ನ ಪೆನ್‌ಹೋಎ ಯಾರ್ಡ್‌ನಲ್ಲಿ ಇಡಿಯಾಗಿ ಕಟ್ಟಿದ್ದು.

ಎಂಜಿನ್ ವಿಷಯದಲ್ಲಿ ಡಂಕರ್ಕ್ ಒಳ್ಳೆ ಹಡಗು. ಆರು ಬಾಯ್ಲರ್, ನಾಲ್ಕು ಟರ್ಬೈನ್, ನಾಲ್ಕು ಪ್ರೊಪೆಲ್ಲರ್. ನಕ್ಷೆಯ ವೇಗ 29.5 ನಾಟ್, ಪರೀಕ್ಷೆಯಲ್ಲಿ 31 ಹತ್ತಿರ ಮುಟ್ಟಿತು. ಬಾಯ್ಲರ್ ಕೋಣೆ ಮತ್ತು ಟರ್ಬೈನ್ ಕೋಣೆಗಳನ್ನು ಒಂದಾದ ಮೇಲೊಂದು ಬರೋ ಹಾಗೆ ಇಟ್ಟಿದ್ದರು. ಒಂದು ಏಟಿಗೆ ಇಡೀ ಹಡಗು ನಿಲ್ಲಬಾರದು ಅಂತ.

ಕೊರತೆ ಇದ್ದದ್ದು ಮೂತಿಯಲ್ಲಿ. ಭಾರದ ಟರೆಟ್ ಎರಡೂ ಮುಂದೆ, ಒಂದೊಂದು 1,500 ಟನ್ ಆಸುಪಾಸು. ಅಟ್ಲಾಂಟಿಕ್ ಅಲೆಗೆ ಮುಂಭಾಗ ವಿಪರೀತ ನೀರು ಹೊಡೆಸಿಕೊಳ್ಳುತ್ತಿತ್ತು. 1939ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಚಿನ್ನವನ್ನು ಕೆನಡಾಕ್ಕೆ ಮುಟ್ಟಿಸಿ ವಾಪಸ್ ಬರುವಾಗ ಬಿರುಗಾಳಿಗೆ ಸಿಕ್ಕಿ ಮೂತಿಗೆ ಪೆಟ್ಟಾಯಿತು.

ಪಡುವಣಗಾಳಿ
ಇದನ್ನು ಬ್ಯಾಟಲ್‌ಶಿಪ್ ಅಂತ ಕರೀಬೇಡಿ. 225 ಮಿ.ಮೀ. ಕವಚ, 30 ನಾಟ್ ವೇಗ. ಇದು ಬ್ಯಾಟಲ್‌ಕ್ರೂಸರ್.

ಹಳೇನಕ್ಷೆ
ಫ್ರೆಂಚರ ಪಟ್ಟಿಯಲ್ಲಿ ಇದು ಸಾಲು ಯುದ್ಧದ ಹಡಗು, ಅಂದರೆ ಬ್ಯಾಟಲ್‌ಶಿಪ್ಪೇ. ಬ್ಯಾಟಲ್‌ಕ್ರೂಸರ್ ಅನ್ನೋ ವರ್ಗವೇ ಅವರಲ್ಲಿ ಇರಲಿಲ್ಲ.

ಪಡುವಣಗಾಳಿ
ಪಟ್ಟಿಯಲ್ಲಿ ಏನೇ ಇರಲಿ. ಸಾಲಿನಲ್ಲಿ ನಿಂತು 381 ಮಿ.ಮೀ. ಶೆಲ್ ತಿನ್ನೋಕೆ ಆಗುತ್ತಾ? ಆಗಲ್ಲ. ಹಾಗಾದ್ರೆ ಅದು ಬ್ಯಾಟಲ್‌ಶಿಪ್ ಅಲ್ಲ.

ಉಕ್ಕಿನಗೋಡೆ
ಆ ಅಳತೆ ಹಿಡಿದರೆ 28 ಸೆಂ.ಮೀ. ತೋಪಿನ ಶಾರ್ನ್‌ಹಾರ್ಸ್ಟ್‌ನ ಯಾವ ಪಟ್ಟಿಗೆ ಹಾಕ್ತೀರಿ? ಹೆಸರಿನ ಜಗಳ ಬಿಡಿ. ಕವಚ ಯಾವ ಶೆಲ್ ತಡೆಯೋಕೆ ಅಂತ ಕಟ್ಟಿದ್ದು, ಅದನ್ನು ತಡೆಯುತ್ತಾ, ಅಷ್ಟೇ ಕೇಳಬೇಕು. 225 ಮಿ.ಮೀ. ಕಟ್ಟಿದ್ದು ಡಾಯ್ಚ್‌ಲಾಂಡ್‌ನ 28 ಸೆಂ.ಮೀ. ಶೆಲ್‌ಗೆ. ಆ ಕೆಲಸಕ್ಕೆ ಅದು ಸಾಕು.

ಆಮೇಲೆ ಇಟಲಿ 1934ರಲ್ಲಿ ಲಿತ್ತೋರಿಯೊ ಶುರು ಮಾಡಿತು, ಒಂಬತ್ತು 381 ತೋಪು. ಆಗ ಸ್ಟ್ರಾಸ್‌ಬರ್ಗ್ ನಕ್ಷೆ ತಿದ್ದಿದರು. ಪಕ್ಕದ ಕವಚ 225ರಿಂದ 283ಕ್ಕೆ, ಟರೆಟ್ ಮುಖ 330ರಿಂದ 360ಕ್ಕೆ. ಸುಮಾರು 750 ಟನ್ ಹೆಚ್ಚಾಯಿತು. ಎರಡನ್ನೂ ಅವಳಿ ಹಡಗು ಅಂತಾರೆ. ಕವಚದ ಮಟ್ಟಿಗೆ ಅವಳಿ ಅಲ್ಲ.

ಲೆಕ್ಕಪಕ್ಕ
ಕವಚವನ್ನು ನೆಟ್ಟಗೆ ನಿಲ್ಲಿಸಿರಲಿಲ್ಲ, 11.3 ಡಿಗ್ರಿ ಓರೆ ಇಟ್ಟಿದ್ದರು ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ. ಶೆಲ್ ಮೇಲಿಂದ ಬೀಳೋ ಕೋನ 14 ಡಿಗ್ರಿ ಅಂತ ಇಟ್ಟುಕೊಂಡರೆ ಒಟ್ಟು 25.3 ಡಿಗ್ರಿ. ಅದರ ಕೊಸೈನ್ 0.904. 225ನ್ನು 0.904ರಿಂದ ಭಾಗಿಸಿದರೆ 249 ಮಿ.ಮೀ., 283ನ್ನು ಭಾಗಿಸಿದರೆ 313. ಶೆಲ್ ಸಾಗಬೇಕಾದ ಉಕ್ಕಿನ ದಪ್ಪ ಅಷ್ಟು. ಇದು ಹಡಗು ಶತ್ರುವಿಗೆ ಪೂರ್ತಿ ಪಕ್ಕ ಕೊಟ್ಟು ನಿಂತಾಗಿನ ಲೆಕ್ಕ. ಸ್ವಲ್ಪ ಓರೆ ತಿರುಗಿದರೆ ಇನ್ನೂ ಹೆಚ್ಚುತ್ತೆ.

ಮಲಪ್ರಭೆ
ವಿಮಾನದ ಕಡೆಯಿಂದ ಬಂದ್ರ ಹೆಂಗ? ಅದರ ಬಗ್ಗೆ ಯಾರೂ ಹೇಳವಲ್ರಿ.

ಬಾಯ್ಲರ್ಕೋಣೆ
ಅದೇ ಈ ಹಡಗಿನ ನಿಜವಾದ ದೌರ್ಬಲ್ಯ, ಟರೆಟ್ ಜಾಗ ಅಲ್ಲ. ಹದಿನಾರು 130 ಮಿ.ಮೀ. ತೋಪು. ಹಿಂಭಾಗದಲ್ಲಿ ನಾಲ್ಕರ ಟರೆಟ್ ಮೂರು, ನಡುವೆ ಪಕ್ಕಕ್ಕೊಂದರಂತೆ ಎರಡರದ್ದು ಎರಡು. ಹಡಗಿಗೂ ವಿಮಾನಕ್ಕೂ ಎರಡಕ್ಕೂ ಹೊಡೆಯೋ ಮೊದಲ ದೊಡ್ಡ ಪ್ರಯತ್ನ ಅಂತ ಹೊಗಳೋರಿದ್ದಾರೆ, ಯೋಚನೆ ಒಳ್ಳೇದೇ. ಆದರೆ ನಾಲ್ಕು ತೋಪಿನ ಟರೆಟ್ ಭಾರ, ತಿರುಗೋದು ನಿಧಾನ. ತೋಪು ಮೇಲೆತ್ತಿದಾಗ ಮದ್ದು ತುಂಬೋ ಯಂತ್ರ ಸಿಕ್ಕಿಹಾಕಿಕೊಳ್ಳುತ್ತಿತ್ತು. ಶೆಲ್ 30 ಕೆ.ಜಿ. ಆಸುಪಾಸು: ಡೆಸ್ಟ್ರಾಯರ್ ನಿಲ್ಲಿಸೋಕೆ ಹಗುರ, ವಿಮಾನಕ್ಕೆ ಬೇಗ ಬೇಗ ಹೊಡೆಯೋಕೆ ಯಂತ್ರ ಸಾಲದು. ಅಮೆರಿಕನ್ನರ 127 ಮಿ.ಮೀ. 38 ಕ್ಯಾಲಿಬರ್ ತೋಪು 25 ಕೆ.ಜಿ. ಶೆಲ್ಲನ್ನೇ ಹೊಡೆದರೂ ಎರಡರ ಹಗುರ ಟರೆಟ್, ನಿಮಿಷಕ್ಕೆ 15ರ ಮೇಲೆ. ಅದು ಗೆದ್ದಿದ್ದು ಸರಳ ಯಂತ್ರದಿಂದ.

ಅದಕ್ಕಿಂತ ಕೆಟ್ಟದ್ದು 37 ಮಿ.ಮೀ. ತೋಪು. ಅರೆ ಸ್ವಯಂಚಾಲಿತ, ಕೈಯಿಂದ ತುಂಬಬೇಕು, ನಿಮಿಷಕ್ಕೆ 15–20 ಗುಂಡು ದಾಟಿದರೆ ಹೆಚ್ಚು. ಬೊಫೋರ್ಸ್ 40 ಮಿ.ಮೀ. 120 ಹೊಡೆಯುತ್ತಿತ್ತು. ಪೂರ್ತಿ ಸ್ವಯಂಚಾಲಿತ 37 ಮಿ.ಮೀ. ತೋಪನ್ನು ಫ್ರೆಂಚರು ಮಾಡುತ್ತಿದ್ದರು, ಹಡಗುಗಳಿಗೆ ಏರೋ ಮುಂಚೆ ಫ್ರಾನ್ಸೇ ಬಿತ್ತು. ಉಳಿದದ್ದು 13.2 ಮಿ.ಮೀ. ಹಾಚ್‌ಕಿಸ್ ಮೆಷಿನ್‌ಗನ್. ಅದಕ್ಕೆ 30 ಗುಂಡಿನ ಪೆಟ್ಟಿಗೆ, ಖಾಲಿಯಾದಾಗೆಲ್ಲ ಬದಲಿಸಬೇಕು.

ರಿಶೆಲ್ಯೂ 1943ರಲ್ಲಿ ನ್ಯೂಯಾರ್ಕ್‌ಗೆ ದುರಸ್ತಿಗೆ ಹೋದಾಗ ಅಮೆರಿಕನ್ನರು ಈ ಎಲ್ಲ ಸಣ್ಣ ತೋಪುಗಳನ್ನು ಕಿತ್ತು ಹಾಕಿ ನಾಲ್ಕರ ಬೊಫೋರ್ಸ್ 14 ಕೂರಿಸಿದರು. ಒಟ್ಟು 56 ಕೊಳವೆ. ಬೇಕಾಗಿದ್ದು ಎಷ್ಟು, ಇದ್ದದ್ದು ಎಷ್ಟು ಅಂತ ಅದರಿಂದಲೇ ಗೊತ್ತಾಗುತ್ತೆ.

ದೀಪಸ್ತಂಭ
ಸರಿ, ಈಗ ಮೆರ್ಸ್-ಎಲ್-ಕೆಬಿರ್, ಅಂದರೆ ಫ್ರೆಂಚ್ ಹಡಗುಗಳು ಜರ್ಮನ್ನರ ಕೈಗೆ ಹೋಗದಿರಲಿ ಅಂತ ಬ್ರಿಟಿಷರೇ ಅವುಗಳ ಮೇಲೆ ದಾಳಿ ಮಾಡಿದ ಬಂದರು. ಅಲ್ಲಿ ಈ ವಿನ್ಯಾಸ ಹೇಗೆ ನಿಂತಿತು? ಟರೆಟ್ ಒಳಗಿನ ಗೋಡೆ ಕೆಲಸ ಮಾಡಿತಾ?

ಉಕ್ಕಿನಗೋಡೆ
ಮಾಡಿತು. ಅದನ್ನು ಹೇಳೋ ಮುಂಚೆ ಹಡಗುಗಳು ನಿಂತಿದ್ದ ರೀತಿ ತಿಳಿಯಬೇಕು, ಯಾಕಂದ್ರೆ ಅರ್ಧ ಸೋಲು ಅಲ್ಲೇ ಇದೆ.

1940ರ ಜುಲೈ 3. ಅಲ್ಜೀರಿಯಾದ ಓರಾನ್ ಪಕ್ಕದ ಬಂದರು. ಫ್ರಾನ್ಸ್ ಶರಣಾಗಿ ಎರಡು ವಾರ ಆಗಿಲ್ಲ. ಡಂಕರ್ಕ್, ಪ್ರೊವಾನ್ಸ್, ಸ್ಟ್ರಾಸ್‌ಬರ್ಗ್, ಬ್ರೆಟಾಞ್, ಸೀಪ್ಲೇನ್ ಹಡಗು ಕೊಮಾಂಡಾಂತ್ ಟೆಸ್ಟ್ ಸಾಲಾಗಿ ನಿಂತಿದ್ದವು. ಬಾಲ ಕಡಲಗಟ್ಟೆಗೆ ಕಟ್ಟಿ, ಮೂತಿ ದಡದ ಕಡೆಗೆ. ಅಂದರೆ ಎಂಟೆಂಟು ದೊಡ್ಡ ತೋಪು ನೆಲದ ಕಡೆ, ಕಡಲ ಕಡೆಗೆ ಬೆನ್ನು. ಪಡುವಣ ಪಕ್ಕದಲ್ಲಿ ಸಾಂಟೋನ್ ಕೋಟೆಯ ಗುಡ್ಡ ಬೇರೆ ಅಡ್ಡ. ಹೊರಗೆ ಬ್ರಿಟಿಷ್ ಅಡ್ಮಿರಲ್ ಸಾಮರ್ವಿಲ್‌ನ ಹುಡ್, ವೇಲಿಯಂಟ್, ರೆಸಲ್ಯೂಷನ್, ಮೂರರಲ್ಲೂ 381 ಮಿ.ಮೀ. ತೋಪು, ಜೊತೆಗೆ ವಿಮಾನವಾಹಕ ಆರ್ಕ್ ರಾಯಲ್.

ದಿನವಿಡೀ ಮಾತುಕತೆ ಮುರಿದು ಸಂಜೆ 6ಕ್ಕೆ ಸ್ವಲ್ಪ ಮುಂಚೆ, 16,000 ಮೀಟರ್ ಆಸುಪಾಸಿನಿಂದ ಗುಂಡು ಶುರು. ಹತ್ತು ನಿಮಿಷದಲ್ಲಿ ಮುಗಿಯಿತು. ಬ್ರೆಟಾಞ್ ಸ್ಫೋಟಿಸಿ ಮಗುಚಿತು, ಅದೊಂದರಲ್ಲೇ ಸಾವಿರದ ಹತ್ತಿರ ಜನ ಸತ್ತರು.

ಡಂಕರ್ಕ್‌ಗೆ ಬಿದ್ದದ್ದು ನಾಲ್ಕು ಶೆಲ್. ಒಂದು ಎರಡನೇ ಟರೆಟ್‌ನ 150 ಮಿ.ಮೀ. ಛಾವಣಿಗೆ ಬಡಿದು ಆಚೆ ಹಾರಿತು. ಆದರೆ ಛಾವಣಿಯ ತುಂಡು ಒಳಗೆ ನುಗ್ಗಿ ಬಲ ಪಾಲಿನ ಮದ್ದಿಗೆ ಬೆಂಕಿ ಹತ್ತಿತು. ಅಲ್ಲಿದ್ದವರೆಲ್ಲ ಸತ್ತರು. ಗೋಡೆಯ ಆಚೆಗಿನ ಎಡ ಪಾಲು ಕೆಲಸಕ್ಕೆ ಬರುವ ಸ್ಥಿತಿಯಲ್ಲೇ ಉಳಿಯಿತು. ಎರಡನೇ ಶೆಲ್ ಹಿಂಭಾಗದ ವಿಮಾನ ಕೊಟ್ಟಿಗೆ ತೂರಿ ಸಿಡಿಯದೆ ಹೋಯಿತು. ಉಳಿದೆರಡು 225 ಮಿ.ಮೀ. ಪಕ್ಕದ ಕವಚ ಒಡೆದು ಒಳಗೆ ಬಂದವು. ಅವುಗಳಲ್ಲಿ ಒಂದು ಬಾಯ್ಲರ್ ಕೋಣೆ ಹಾಳುಮಾಡಿತು. ವಿದ್ಯುತ್ ಹೋಯಿತು, ವಿದ್ಯುತ್ ಹೋದ ಮೇಲೆ ಟರೆಟ್ ಇದ್ದೂ ಇಲ್ಲದ ಹಾಗೆ. ಹಡಗನ್ನು ಬಂದರಿನ ಇನ್ನೊಂದು ಬದಿಯ ಸೇಂಟ್ ಆಂದ್ರೆ ಹತ್ತಿರ ಆಳವಿಲ್ಲದ ಕಡೆ ತಂದು ನಿಲ್ಲಿಸಿದರು.

ಪಡುವಣಗಾಳಿ
ನೋಡಿ, ನಾನು ಹೇಳಿದ್ದೂ ಅದನ್ನೇ. 381 ಶೆಲ್ ಬಂತು, ಕವಚ ಒಡೆಯಿತು.

ಉಕ್ಕಿನಗೋಡೆ
ಒಡೆಯಲೇಬೇಕು, ಅದು ಆ ಶೆಲ್‌ಗೆ ಕಟ್ಟಿದ ಕವಚ ಅಲ್ಲ. ಬ್ರಿಟನ್ ಶತ್ರು ಆಗುತ್ತೆ ಅಂತ 1932ರಲ್ಲಿ ನಕ್ಷೆ ಬರೆದವರು ಊಹಿಸೋ ಹಾಗೇ ಇರಲಿಲ್ಲ. 1937ರ ಮೇನಲ್ಲಿ ಆರನೇ ಜಾರ್ಜ್ ಪಟ್ಟಾಭಿಷೇಕದ ನೌಕಾ ಪ್ರದರ್ಶನಕ್ಕೆ ಫ್ರಾನ್ಸ್ ಕಳಿಸಿದ್ದು ಇದೇ ಡಂಕರ್ಕನ್ನು. 1939ರಲ್ಲಿ ಡಾಯ್ಚ್‌ಲಾಂಡ್ ಜಾತಿಯದೇ ಜರ್ಮನ್ ಹಡಗು ಗ್ರಾಫ್ ಸ್ಪೀ ಹುಡುಕಾಟದಲ್ಲಿ ಇವೆರಡೂ ಬ್ರಿಟಿಷರ ಜೊತೆ ಸೇರಿ ಕೆಲಸ ಮಾಡಿದವು.

ದೀಪಸ್ತಂಭ
ಡಂಕರ್ಕ್ ಜಾಗದಲ್ಲಿ ಸ್ಟ್ರಾಸ್‌ಬರ್ಗ್ ಇದ್ದಿದ್ದರೆ? 283 ತಡೆಯುತ್ತಿತ್ತಾ?

ಲೆಕ್ಕಪಕ್ಕ
ಮೇಲಿನ ಲೆಕ್ಕದಲ್ಲಿ 14 ಡಿಗ್ರಿ ಹಿಡಿದದ್ದು ಆ ದೂರಕ್ಕೇ. 313 ಮಿ.ಮೀ. ಅಂದರೆ ಅಂಚಿನ ಪರಿಸ್ಥಿತಿ. ಕೆಲವು ಶೆಲ್ ನಿಲ್ಲುತ್ತಿದ್ದವು, ಕೆಲವು ಒಳಗೆ ಬರುತ್ತಿದ್ದವು. 249 ಆದರೆ ಅಂಚೇ ಅಲ್ಲ, ಬಂದದ್ದೆಲ್ಲ ಒಳಕ್ಕೆ.

ಹಳೇನಕ್ಷೆ
ಸ್ಟ್ರಾಸ್‌ಬರ್ಗ್ ಕವಚದಿಂದ ಉಳಿಯಲಿಲ್ಲ, ಕ್ಯಾಪ್ಟನ್ ಕೊಲಿನೆಯ ಚುರುಕಿನಿಂದ ಉಳಿಯಿತು. ಬಾಯ್ಲರ್‌ಗಳಲ್ಲಿ ಹಬೆ ಏರಿಸಿ ತಯಾರಿದ್ದರು. ಮೊದಲ ಸಾಲ್ವೊ ಬೀಳುತ್ತಲೇ ಹಗ್ಗ ಬಿಚ್ಚಿ ಹೊರಟರು. ಅದು ಬಿಟ್ಟ ಜಾಗಕ್ಕೇ ಶೆಲ್‌ಗಳು ಬಿದ್ದವು. ಬಂದರಿನ ಬಾಯಿಗೆ ಬ್ರಿಟಿಷ್ ವಿಮಾನಗಳು ಮ್ಯಾಗ್ನೆಟಿಕ್ ಮೈನ್ ಹಾಕಿದ್ದವು, ಅದನ್ನೂ ದಾಟಿತು. ಜೊತೆಗೆ ಐದು ಡೆಸ್ಟ್ರಾಯರ್. ಆರನೆಯದು ಮೊಗಾಡೋರ್, ಅದರ ಬಾಲಕ್ಕೆ ಶೆಲ್ ಬಡಿದು ಅಲ್ಲಿದ್ದ ಡೆಪ್ತ್ ಚಾರ್ಜ್‌ಗಳು (ಸಬ್‌ಮರೀನ್ ಹೊಡೆಯೋ ಬಾಂಬ್) ಸಿಡಿದವು. ಹುಡ್ ಬೆನ್ನಟ್ಟಿತು, ಹಿಡಿಯಲಾಗದೆ ಬಿಟ್ಟಿತು. ಆರ್ಕ್ ರಾಯಲ್‌ನ ಸ್ವೋರ್ಡ್‌ಫಿಶ್ ವಿಮಾನಗಳ ಬಾಂಬ್, ಟಾರ್ಪಿಡೊ ಒಂದೂ ತಾಗಲಿಲ್ಲ. ಜುಲೈ 4ರ ಸಂಜೆ ದಕ್ಷಿಣ ಫ್ರಾನ್ಸಿನ ನೌಕಾನೆಲೆ ಟೂಲಾನ್ ಸೇರಿತು. ಮಲಪ್ರಭೆಯವರ ‘ಓಡೋ ಪಾಳಿ’ ಪ್ರಶ್ನೆಗೆ ಉತ್ತರ ಇದು: ಓಡೋ ಹಡಗನ್ನು ಕಾಪಾಡಿದ್ದು 30 ನಾಟ್ ವೇಗ.

ಮಲಪ್ರಭೆ
ಒಪ್ಪಿದೆ. ಆದ್ರ ಅಲ್ಲಿದ್ದ ಫ್ರೆಂಚ್ ಅಡ್ಮಿರಲ್ ಝಾನ್ಸೂಲ್ ದಿನವಿಡೀ ಏನ್ ಮಾಡ್ಲಿಕತ್ತಿದ್ದ? ಹಡಗ ತಿರುಗಿಸಿ ನಿಲ್ಲಿಸಬಹುದಿತ್ತಲ್ಲ?

ಹಳೇನಕ್ಷೆ
ತಿರುಗಿಸಿದರೆ ಯುದ್ಧಕ್ಕೆ ಸಿದ್ಧ ಅಂತ ಬ್ರಿಟಿಷರು ಆಗಲೇ ಹೊಡೆಯುತ್ತಿದ್ದರು. ಅದಕ್ಕಿಂತ ದೊಡ್ಡ ವಿಷಯ ಅವರು ಕಳಿಸಿದ ವರದಿ. ಬ್ರಿಟಿಷರು ಕೊಟ್ಟಿದ್ದ ಆಯ್ಕೆಗಳಲ್ಲಿ ಹಡಗುಗಳನ್ನು ವೆಸ್ಟ್ ಇಂಡೀಸ್‌ಗೆ ಒಯ್ಯೋದು ಅಥವಾ ಅಮೆರಿಕದ ವಶಕ್ಕೆ ಕೊಡೋದೂ ಇತ್ತು. ಝಾನ್ಸೂಲ್ ತಮ್ಮ ನೌಕಾ ಕಚೇರಿಗೆ ತಿಳಿಸಿದ್ದು ‘ಆರು ಗಂಟೆಯೊಳಗೆ ಮುಳುಗಿಸಿ, ಇಲ್ಲದಿದ್ದರೆ ಬಲ ಪ್ರಯೋಗ’ ಅನ್ನೋ ಅರ್ಥದ್ದು ಮಾತ್ರ. ಅಮೆರಿಕದ ಆಯ್ಕೆ ಅದರಲ್ಲಿ ಇರಲೇ ಇಲ್ಲ.

ಪಡುವಣಗಾಳಿ
ಬ್ರಿಟಿಷರದ್ದೂ ದ್ರೋಹವೇ. ಹಡಗು ಜರ್ಮನ್ನರ ಕೈಗೆ ಕೊಡಲ್ಲ ಅಂತ ಫ್ರೆಂಚ್ ನೌಕಾಪಡೆಯ ಮುಖ್ಯಸ್ಥ ಡಾರ್ಲಾನ್ ಮಾತು ಕೊಟ್ಟಿದ್ದ. 1942ರಲ್ಲಿ ಟೂಲಾನ್‌ನಲ್ಲಿ ಆ ಮಾತು ನಡೆಯಿತು ಕೂಡ.

ಲೆಕ್ಕಪಕ್ಕ
ಜುಲೈ 1940ರಲ್ಲಿ ಅದು ಗೊತ್ತಿರೋಕೆ ಹೇಗೆ ಸಾಧ್ಯ? ಕದನವಿರಾಮದ 8ನೇ ವಿಧಿಯ ಪ್ರಕಾರ ಹಡಗುಗಳು ಜರ್ಮನ್, ಇಟಾಲಿಯನ್ ಉಸ್ತುವಾರಿಯಲ್ಲಿ ನಿಶ್ಶಸ್ತ್ರ ಆಗಬೇಕಿತ್ತು. ಬ್ರೆಸ್ಟ್ ಆಗಲೇ ಜರ್ಮನ್ನರ ಕೈಲಿತ್ತು. ಮಾತು ನಂಬಿ ಸುಮ್ಮನಿದ್ದು ಅದು ತಪ್ಪಿದರೆ ಬ್ರಿಟನ್ನೇ ಹೋಗುತ್ತಿತ್ತು.

ಪಡುವಣಗಾಳಿ
ಎರಡೂ ದಿನದ ದಾಳಿ ಸೇರಿ ಸುಮಾರು 1,300 ಫ್ರೆಂಚ್ ನಾವಿಕರು ಸತ್ತರು. ವಾರಗಳ ಹಿಂದೆ ಒಟ್ಟಿಗೆ ಇದ್ದವರ ಕೈಯಲ್ಲಿ. ಇದನ್ನು ಸರಿ ಅಂತ ನಾನು ಯಾವತ್ತೂ ಒಪ್ಪಲ್ಲ.

ಬಾಯ್ಲರ್ಕೋಣೆ
ಎರಡನೇ ದಾಳಿ ಅಂದಿರಿ, ಅದು ಪೂರ್ತಿ ತಪ್ಪಿಸಬಹುದಾಗಿದ್ದ ದುರಂತ. ಡಂಕರ್ಕ್‌ಗೆ ಆದ ಪೆಟ್ಟು ದೊಡ್ಡದಲ್ಲ ಅಂತ ಫ್ರೆಂಚ್ ಅಡ್ಮಿರಲ್ ಎಸ್ತೆವಾ ಪ್ರಕಟಣೆ ಕೊಟ್ಟರು. ಬ್ರಿಟಿಷರು ಅದನ್ನು ಓದಿ ಜುಲೈ 6ಕ್ಕೆ ಮತ್ತೆ ಸ್ವೋರ್ಡ್‌ಫಿಶ್ ಕಳಿಸಿದರು. ಡಂಕರ್ಕ್ ಪಕ್ಕಕ್ಕೆ ತೆರ್-ನೂವ್ ಅನ್ನೋ ಸಣ್ಣ ಗಸ್ತು ದೋಣಿ ಕಟ್ಟಿತ್ತು, ಅದರ ತುಂಬ ಡೆಪ್ತ್ ಚಾರ್ಜ್. ಟಾರ್ಪಿಡೊ ಅದಕ್ಕೆ ಬಡಿಯಿತು, ಡೆಪ್ತ್ ಚಾರ್ಜ್‌ಗಳು ಸಿಡಿದವು. ಡಂಕರ್ಕ್‌ನ ನೀರಿನಡಿಯ ರಕ್ಷಣೆ ಒಂದು ಟಾರ್ಪಿಡೊ ತಾಳೋ ಲೆಕ್ಕದ್ದು, ರಬ್ಬರ್ ಜಾತಿಯ ನೊರೆಯ ಪದಾರ್ಥ ತುಂಬಿದ ಕೋಣೆಗಳ ಸಾಲು. ಇಲ್ಲಿ ಸಿಡಿದದ್ದು ಒಂದು ಟಾರ್ಪಿಡೊಗಿಂತ ಹಲವು ಪಟ್ಟು, ಅದೂ ಟರೆಟ್ ಹತ್ತಿರ, ಹಡಗು ಕಿರಿದಾಗೋ ಕಡೆ. ಆ ಕೋಣೆಗಳಿಗೆ ಅಗಲ ಕಡಿಮೆ ಇರೋದೇ ಅಲ್ಲಿ. ಶೆಲ್ ಹಾನಿಯನ್ನು ತಿಂಗಳುಗಳಲ್ಲಿ ಸರಿಪಡಿಸಬಹುದಿತ್ತು. ಈ ತೂತಿಗೆ ಎರಡು ವರ್ಷ ಹೋಯಿತು. ಟೂಲಾನ್ ಸೇರಿದ್ದು 1942ರ ಫೆಬ್ರವರಿಯಲ್ಲಿ. ದುರಸ್ತಿಗೆ ಡ್ರೈ ಡಾಕ್ ಹೊಕ್ಕಿದ್ದು ಜೂನ್‌ನಲ್ಲಿ.

ಬ್ಯಾಟಲ್‌ಶಿಪ್ ಪಕ್ಕಕ್ಕೆ ಡೆಪ್ತ್ ಚಾರ್ಜ್ ತುಂಬಿದ ದೋಣಿ ಕಟ್ಟಿ ಬಿಟ್ಟಿದ್ದೇ ಎಲ್ಲಕ್ಕಿಂತ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ.

ದೀಪಸ್ತಂಭ
ಟೂಲಾನ್‌ನಲ್ಲಿ ಕೊನೆಗೆ ಏನಾಯ್ತು? ಎರಡೂ ಅಲ್ಲೇ ಇದ್ದವಲ್ಲ.

ಹಳೇನಕ್ಷೆ
1942ರ ನವೆಂಬರ್ 27ರ ಬೆಳಗಿನ ಜಾವ ಜರ್ಮನ್ನರು ನುಗ್ಗಿದರು. ಅಡ್ಮಿರಲ್ ಲಾಬೋರ್ಡ್ ಇದ್ದದ್ದು ಸ್ಟ್ರಾಸ್‌ಬರ್ಗ್‌ನಲ್ಲೇ. ಮುಳುಗಿಸಿ ಅಂತ ಆಜ್ಞೆ ಹೊರಟಿತು. ಮುಳುಗಿಸೋದು ಅಂದರೆ ಬರೀ ತಳದ ವಾಲ್ವ್ ತೆರೆಯೋದಲ್ಲ. ಬಂದರಿನ ಆಳ ಕಡಿಮೆ, ಹಡಗು ನೆಟ್ಟಗೆ ತಳಕ್ಕೆ ಕೂರುತ್ತೆ, ಶತ್ರು ಎತ್ತಿಬಿಡಬಹುದು. ಅದಕ್ಕೆ ತೋಪು, ಎಂಜಿನ್, ದೂರಮಾಪಕ ಎಲ್ಲವನ್ನೂ ಸ್ಫೋಟಕದಿಂದ ಹಾಳುಮಾಡಬೇಕು. ಸ್ಟ್ರಾಸ್‌ಬರ್ಗ್ ಹಾಗೇ ದಕ್ಕೆಯ ಪಕ್ಕದಲ್ಲಿ ನೆಟ್ಟಗೆ ಕೂತಿತು. ಡಂಕರ್ಕ್ ಡ್ರೈ ಡಾಕ್‌ನಲ್ಲೇ ಹಾಳಾಯಿತು. ಒಟ್ಟು 70ಕ್ಕೂ ಹೆಚ್ಚು ಹಡಗು.

ಡಂಕರ್ಕನ್ನು ಡಾಕ್‌ನಿಂದ ತೆಗೆಯೋಕೆ ಇಟಾಲಿಯನ್ನರು ಅದರ ಮೂತಿ ಕತ್ತರಿಸಿದರು. ಮುರಿದ ಒಡಲು 1958ರಲ್ಲಿ ಗುಜರಿಗೆ ಮಾರಾಟ. ಸ್ಟ್ರಾಸ್‌ಬರ್ಗನ್ನು 1943ರ ಜುಲೈನಲ್ಲಿ ಎತ್ತಿದರು, 1944ರ ಆಗಸ್ಟ್ 18ಕ್ಕೆ ಅಮೆರಿಕದ ಬಾಂಬರ್‌ಗಳು ಮತ್ತೆ ಮುಳುಗಿಸಿದವು, ಅಕ್ಟೋಬರ್‌ನಲ್ಲಿ ಫ್ರೆಂಚರು ಮತ್ತೆ ಎತ್ತಿ ನೀರಿನಡಿಯ ಸ್ಫೋಟ ಪ್ರಯೋಗಗಳಿಗೆ ಬಳಸಿದರು. 1955ರಲ್ಲಿ ಗುಜರಿ.

ಪಡುವಣಗಾಳಿ
ಈ ಜಾತಿಯ ಹಡಗು ನಮ್ಮ ಕಡಲಿಗೆ ಬಂದಿತ್ತಾ?

ಲೆಕ್ಕಪಕ್ಕ
ಡಂಕರ್ಕ್ ವರ್ಗ ಬಂದಿಲ್ಲ, ರಿಶೆಲ್ಯೂ ಬಂದಿತ್ತು. 1944ರ ಏಪ್ರಿಲ್‌ನಲ್ಲಿ ಟ್ರಿಂಕೋಮಲಿಗೆ ಬಂದು ಬ್ರಿಟಿಷರ ಪೂರ್ವ ನೌಕಾಪಡೆ ಸೇರಿತು. ಜೂನ್ 21ರಂದು ಆಗ ಜಪಾನಿಯರ ಕೈಲಿದ್ದ ಪೋರ್ಟ್ ಬ್ಲೇರ್ ಮೇಲೆ ಇಲಸ್ಟ್ರಿಯಸ್‌ನ ವಿಮಾನಗಳು ದಾಳಿ ಮಾಡಿದಾಗ ಕಾವಲಿಗೆ ರೆನೌನ್ ಜೊತೆ ಇದೂ ಇತ್ತು. ಜುಲೈ 25ಕ್ಕೆ ಸುಮಾತ್ರಾದ ಸಬಾಂಗ್ ಮೇಲೆ ತೋಪು ಹಾರಿಸಿತು.

ದೀಪಸ್ತಂಭ
ರಿಶೆಲ್ಯೂನ ತೋಪುಗಳು 1940ರಲ್ಲಿ ಪಶ್ಚಿಮ ಆಫ್ರಿಕಾದ ಡಾಕಾರ್‌ನಲ್ಲಿ ತಾವೇ ಒಡೆದದ್ದು ಸ್ಟ್ರಾಸ್‌ಬರ್ಗ್‌ನ ಮದ್ದಿನಿಂದ ಅಂತ ಓದಿದ್ದೆ. ನಿಜವಾ?

ಬಾಯ್ಲರ್ಕೋಣೆ
ಮೊದಲು ಹಾಗೇ ಅಂದುಕೊಂಡಿದ್ದರು. ಮದ್ದು ಸಾಲದೆ ಸ್ಟ್ರಾಸ್‌ಬರ್ಗ್ ಡಾಕಾರ್‌ನಲ್ಲಿ ಬಿಟ್ಟು ಹೋಗಿದ್ದ 330ರ ಮದ್ದನ್ನು ಮತ್ತೆ ಕಟ್ಟಿ 380ಕ್ಕೆ ಹೊಂದಿಸಿದ್ದು ಹೌದು. ಆಮೇಲಿನ ತನಿಖೆಯಲ್ಲಿ ಗೊತ್ತಾಗಿದ್ದು, ತಪ್ಪು ಶೆಲ್‌ನ ಬುಡದಲ್ಲಿ ಅಂತ. ಅಲ್ಲಿ ಕೊರೆದಿದ್ದ ಕುಳಿಗಳಿಂದ ಬುಡ ದುರ್ಬಲವಾಗಿತ್ತು, ಮದ್ದಿನ ಒತ್ತಡಕ್ಕೆ ತಾಳದೆ ಶೆಲ್ ತೋಪಿನೊಳಗೇ ಸಿಡಿಯಿತು. ಕೆಟ್ಟ ತೋಪುಗಳ ಬದಲಿಗೆ ನ್ಯೂಯಾರ್ಕ್‌ನಲ್ಲಿ ಅದರ ಅವಳಿ ಹಡಗು ಜಾಂ ಬಾರ್‌ನ ತೋಪುಗಳನ್ನು ಹಾಕಿದರು.

ಮಲಪ್ರಭೆ
ಫೋಟೋದಾಗ ಡಂಕರ್ಕ್ ಯಾವ್ದು, ರಿಶೆಲ್ಯೂ ಯಾವ್ದು ಹೆಂಗ ಗುರ್ತಿಸೋದು? ಎರಡಕ್ಕೂ ಮುಂದ ನಾಕ್ನಾಕ ತೋಪು.

ಉಕ್ಕಿನಗೋಡೆ
ಹೊಗೆಕೊಳವೆ ನೋಡಿ. ಡಂಕರ್ಕ್, ಸ್ಟ್ರಾಸ್‌ಬರ್ಗ್‌ಗೆ ನಡುವೆ ಬೇರೆಯಾಗಿ ನೆಟ್ಟಗೆ ನಿಂತಿರುತ್ತೆ. ರಿಶೆಲ್ಯೂಗೆ ಕೊಳವೆ ಹಿಂದಿನ ಗೋಪುರದೊಳಗೇ ಸೇರಿ ಬಾಯಿ ಹಿಂದಕ್ಕೆ ಬಾಗಿರುತ್ತೆ. ಅದು ಕಾಣದಿದ್ದರೆ ಹಿಂಭಾಗದ ಟರೆಟ್ ಎಣಿಸಿ: ರಿಶೆಲ್ಯೂಗೆ 152 ಮಿ.ಮೀ.ನ ಮೂರು ತೋಪಿನ ಟರೆಟ್, ಡಂಕರ್ಕ್‌ಗೆ 130ರ ನಾಲ್ಕು ತೋಪಿನದ್ದು.

ಲೆಕ್ಕಪಕ್ಕ
ಒಂದು ಕೊನೆಯ ಅಂಶ ಸೇರಿಸಲೇಬೇಕು. ರಿಶೆಲ್ಯೂ, ಜಾಂ ಬಾರ್ ಆದ ಮೇಲೆ ಬರಬೇಕಿದ್ದ ಗ್ಯಾಸ್ಕೋಞ್‌ನಲ್ಲಿ ಫ್ರೆಂಚರು ಒಂದು ಟರೆಟ್ ಮುಂದೆ, ಒಂದು ಹಿಂದೆ ಇಟ್ಟು ನಕ್ಷೆ ಬರೆದಿದ್ದರು. ನಾಲ್ಕು ತೋಪಿನ ಟರೆಟ್ ಉಳಿಸಿಕೊಂಡರು, ಜಾಗ ಬದಲಿಸಿದರು. ಅದು ಕಟ್ಟೋಕೆ ಶುರುವಾಗಲೇ ಇಲ್ಲ.

ಪಡುವಣಗಾಳಿ
ಅಂದ ಮೇಲೆ ಮುಂದಕ್ಕೇ ಇಟ್ಟಿದ್ದು ಸರಿ ಇಲ್ಲ ಅಂತ ಅವರೇ ಒಪ್ಪಿದ ಹಾಗಾಯಿತು.

ಹಳೇನಕ್ಷೆ
ಇಲ್ಲ. ಡಾಯ್ಚ್‌ಲಾಂಡ್ ಬೆನ್ನಟ್ಟೋ ಕೆಲಸ 1938ರ ಹೊತ್ತಿಗೆ ಮುಖ್ಯ ಆಗಿರಲಿಲ್ಲ, ಎದುರಿಗೆ ಲಿತ್ತೋರಿಯೊ, ಬಿಸ್ಮಾರ್ಕ್ ಇದ್ದವು. ಕೆಲಸ ಬದಲಾಯಿತು, ನಕ್ಷೆಯೂ ಬದಲಾಯಿತು.